ಆರು ಅಕ್ಷರಗಳಲ್ಲಿ ಎಷ್ಟು ಪದ? ಇಂಗ್ಲಿಷ್ ಪದ ಹುಡುಕುವ ಕ್ರಮ

ಎಲ್, ಐ, ಎಸ್, ಟಿ, ಇ, ಎನ್. ಈ ಆರು ಇಂಗ್ಲಿಷ್ ಅಕ್ಷರಗಳನ್ನು ಇದೇ ಸಾಲಿನಲ್ಲಿ ಓದಿದರೆ ‘ಲಿಸನ್’. ಜಾಗ ಅದಲುಬದಲು ಮಾಡಿದರೆ ‘ಸೈಲೆಂಟ್’, ‘ಟಿನ್ಸೆಲ್’, ‘ಎನ್‌ಲಿಸ್ಟ್’, ‘ಇನ್‌ಲೆಟ್ಸ್’. ಒಂದೇ ಅಕ್ಷರಗುಂಪಿನಿಂದ ಹುಟ್ಟುವ ಇಂಥ ಪದಗಳನ್ನು ಅನಗ್ರಾಮ್ ಎನ್ನುತ್ತಾರೆ. ಸ್ಕ್ರ್ಯಾಬಲ್ ಆಡುವಾಗ, ಪತ್ರಿಕೆಯ ಪದಬಂಧ ಬಿಡಿಸುವಾಗ, ಮಕ್ಕಳ ಇಂಗ್ಲಿಷ್ ಅಭ್ಯಾಸ ಪುಸ್ತಕ ತೆರೆದಾಗ ಇವು ಎದುರಾಗುತ್ತವೆ. ಆರು ಬೇರೆ ಬೇರೆ ಅಕ್ಷರಗಳನ್ನು 720 ರೀತಿಯಲ್ಲಿ ಜೋಡಿಸಬಹುದು, ಏಳಾದರೆ 5,040 ರೀತಿಯಲ್ಲಿ. ತೋಚಿದಂತೆ ಜೋಡಿಸುತ್ತ ಕೂತರೆ ಹೊತ್ತು ಹೋಗುತ್ತದೆ, ಪದ ಸಿಗುವುದಿಲ್ಲ. ಹುಡುಕಲು ಒಂದು ಕ್ರಮ ಬೇಕು.

ಮೊದಲಿಗೆ ಒಂದು ಅಭ್ಯಾಸ ಬಿಡಬೇಕು. ಕನ್ನಡದಲ್ಲಿ ಬರೆದಂತೆ ಓದುವ ನಾವು ಅಕ್ಷರ ಕಂಡ ಕೂಡಲೇ ಉಚ್ಚರಿಸಿ ನೋಡುತ್ತೇವೆ. ಇಂಗ್ಲಿಷ್‌ನಲ್ಲಿ ಅದೇ ತೊಡಕು. ‘ಲಿಸನ್’ ಎನ್ನುವಾಗ ಟಿ ಕೇಳಿಸುವುದೇ ಇಲ್ಲ, ‘ಸೈಲೆಂಟ್’ನ ಕೊನೆಯಲ್ಲಿ ಅದೇ ಟಿ ಸ್ಪಷ್ಟವಾಗಿ ಕೇಳಿಸುತ್ತದೆ. ಬಾಯಲ್ಲಿ ‘ಲಿಸನ್, ಲಿಸನ್’ ಎಂದುಕೊಳ್ಳುತ್ತಿದ್ದವರಿಗೆ ‘ಸೈಲೆಂಟ್’ ಹೊಳೆಯುವುದು ಕಷ್ಟ. ಹುಡುಕುವಷ್ಟು ಹೊತ್ತು ತುಟಿ ಮುಚ್ಚಿ, ಅಕ್ಷರಗಳ ಆಕಾರವನ್ನಷ್ಟೇ ನೋಡಿ. ನ್ಯೂಜಿಲೆಂಡ್‌ನ ನೈಜೆಲ್ ರಿಚರ್ಡ್ಸ್ ಫ್ರೆಂಚ್ ಮಾತಾಡಲು ಬಾರದಿದ್ದರೂ 2015ರಲ್ಲಿ ಫ್ರೆಂಚ್ ಸ್ಕ್ರ್ಯಾಬಲ್‌ನ ವಿಶ್ವ ಚಾಂಪಿಯನ್ ಆದರು. ಸ್ಪೆಲ್ಲಿಂಗ್ ಮೇಲೆ ಕಣ್ಣು ಪಳಗಿದರೆ ಎಲ್ಲಿಯವರೆಗೆ ಹೋಗಬಹುದು ಎಂಬುದಕ್ಕೆ ನನಗೆ ಇದಕ್ಕಿಂತ ದೊಡ್ಡ ಸಾಕ್ಷಿ ಬೇರೆ ಬೇಕಿಲ್ಲ.

ಈಗ ಕಾಗದ ತೆಗೆದುಕೊಳ್ಳಿ. ಕೊಟ್ಟ ಅಕ್ಷರಗಳನ್ನು ದೊಡ್ಡಕ್ಷರದಲ್ಲಿ, ಸಾಲಾಗಿ ಬರೆಯದೆ ವೃತ್ತಾಕಾರದಲ್ಲಿ ಬರೆಯಿರಿ. ಸಾಲಿನಲ್ಲಿದ್ದರೆ ಕಣ್ಣು ಹಳೆಯ ಪದಕ್ಕೇ ಅಂಟಿಕೊಳ್ಳುತ್ತದೆ. ಪಕ್ಕದಲ್ಲಿ ಸ್ವರಗಳನ್ನು ಒಂದು ಕಡೆ, ವ್ಯಂಜನಗಳನ್ನು ಇನ್ನೊಂದು ಕಡೆ ಗುರುತು ಹಾಕಿಕೊಳ್ಳಿ.

ಮುಂದಿನದು ಎಲ್ಲಕ್ಕಿಂತ ಹೆಚ್ಚು ಫಲ ಕೊಡುವ ಹೆಜ್ಜೆ: ಪದದ ತಲೆ ಮತ್ತು ಬಾಲವನ್ನು ಬೇರೆ ಮಾಡುವುದು. ಇಂಗ್ಲಿಷ್ ಪದಗಳು ಪದೇ ಪದೇ ಕೆಲವೇ ತುಣುಕುಗಳಿಂದ ಮುಗಿಯುತ್ತವೆ: ಎಸ್, ಇ-ಡಿ, ಇ-ಆರ್, ಐ-ಎನ್-ಜಿ, ಇ-ಎಸ್-ಟಿ. ಆರಂಭದಲ್ಲಿ ಬರುವುವೂ ಅಷ್ಟೇ: ಆರ್-ಇ, ಯು-ಎನ್, ಇ-ಎನ್. ನಿಮ್ಮ ಗುಂಪಿನಲ್ಲಿ ಇವುಗಳಲ್ಲಿ ಯಾವುದಿದೆ ನೋಡಿ, ಅದನ್ನು ಬೆರಳಿನಿಂದ ಮುಚ್ಚಿ, ಉಳಿದದ್ದನ್ನು ಜೋಡಿಸಿ. ನಮ್ಮ ಆರರಲ್ಲಿ ಎಸ್ ಅನ್ನು ಬಾಲಕ್ಕೆ ಕಳಿಸಿದರೆ ಉಳಿದ ಐದರಿಂದ ‘ಇನ್‌ಲೆಟ್’ ಆಗುತ್ತದೆ. ಇ-ಎನ್ ಅನ್ನು ತಲೆಗೆ ಇಟ್ಟರೆ ಉಳಿಯುವುದು ‘ಲಿಸ್ಟ್’, ಎರಡೂ ಸೇರಿ ‘ಎನ್‌ಲಿಸ್ಟ್’. ಆರು ಅಕ್ಷರದ ಸಮಸ್ಯೆ ನಾಲ್ಕು ಅಕ್ಷರಕ್ಕೆ ಇಳಿದುಬಿಡುತ್ತದೆ, 720 ಸಾಧ್ಯತೆಗಳು 24ಕ್ಕೆ.

ಆಮೇಲೆ ಜೊತೆಯಾಗಿ ಬರುವ ವ್ಯಂಜನಗಳನ್ನು ಹಿಡಿಯಿರಿ. ಟಿ-ಎಚ್, ಸಿ-ಎಚ್, ಎಸ್-ಟಿ, ಟಿ-ಆರ್, ಎನ್-ಟಿ, ಸಿ-ಕೆ. ಎನ್-ಟಿಯನ್ನು ಕೊನೆಗೆ ಕಟ್ಟಿದರೆ ‘ಸೈಲೆಂಟ್’ ತಾನಾಗಿ ಬರುತ್ತದೆ. ಕ್ಯೂ ಇದ್ದರೆ ಯು ಇದೆಯೇ ಎಂದು ಮೊದಲು ನೋಡಿ.

ಚಿಕ್ಕ ಪದಗಳೂ ಲೆಕ್ಕಕ್ಕಿದ್ದರೆ ಪ್ರತಿ ಅಕ್ಷರವನ್ನೂ ಸರದಿಯಂತೆ ಮೊದಲಿಗಿಟ್ಟು ನೋಡಿ. ಎಲ್‌ನಿಂದ ‘ಲೈನ್’, ‘ಲೆಂಟ್’, ‘ಲಿಸ್ಟ್’. ಎಸ್‌ನಿಂದ ‘ಸಿಲ್ಟ್’, ‘ಸ್ಲಿಟ್’. ಟಿಯಿಂದ ‘ಟೈಲ್’. ಎನ್‌ನಿಂದ ‘ನೆಸ್ಟ್’. ಇಲ್ಲಿ ‘ನೈಲ್’ ಬರೆಯಬೇಡಿ. ನದಿ, ಊರು, ವ್ಯಕ್ತಿಗಳ ಹೆಸರು ಸ್ಕ್ರ್ಯಾಬಲ್‌ನಲ್ಲಿ ನಡೆಯುವುದಿಲ್ಲ. ಕೊಟ್ಟ ಅಕ್ಷರವನ್ನು ಎಷ್ಟು ಸಲ ಬಳಸಬಹುದು ಎಂಬ ನಿಯಮವನ್ನೂ ಮೊದಲೇ ಓದಿಕೊಳ್ಳಿ: ಅನಗ್ರಾಮ್‌ನಲ್ಲಿ ಕೊಟ್ಟಷ್ಟೇ ಸಲ, ನ್ಯೂಯಾರ್ಕ್ ಟೈಮ್ಸ್‌ನ ‘ಸ್ಪೆಲ್ಲಿಂಗ್ ಬೀ’ ಆಟದಲ್ಲಾದರೆ ಬೇಕಾದಷ್ಟು ಸಲ.

ಸ್ಕ್ರ್ಯಾಬಲ್ ಆಡುವವರು ಇನ್ನೂ ಒಂದು ಹೆಜ್ಜೆ ಮುಂದೆ ಹೋಗಬೇಕು. ಅಮೆರಿಕದ ಆಲ್ಫ್ರೆಡ್ ಬಟ್ಸ್ ಎಂಬ ವಾಸ್ತುಶಿಲ್ಪಿ 1930ರ ದಶಕದ ಆರ್ಥಿಕ ಕುಸಿತದಲ್ಲಿ ಕೆಲಸ ಕಳೆದುಕೊಂಡು ಈ ಆಟ ರೂಪಿಸಿದಾಗ, ಪತ್ರಿಕೆಯ ಪುಟಗಳಲ್ಲಿ ಯಾವ ಅಕ್ಷರ ಎಷ್ಟು ಸಲ ಬರುತ್ತದೆ ಎಂದು ಎಣಿಸಿ ಬಿಲ್ಲೆಗಳ ಸಂಖ್ಯೆ ನಿಗದಿ ಮಾಡಿದರು. ಇಂದಿಗೂ ಇಂಗ್ಲಿಷ್ ಸೆಟ್‌ನ 100 ಬಿಲ್ಲೆಗಳಲ್ಲಿ ಇ 12, ಎ ಮತ್ತು ಐ ತಲಾ 9, ಎನ್, ಆರ್, ಟಿ ತಲಾ 6. ಈ ಆರೂ ಸೇರಿದರೆ ‘ರೆಟಿನಾ’. ಕೈಗೆ ಬರುವ ಸಂಭವ ಹೆಚ್ಚಿರುವ ಈ ಗುಂಪಿಗೆ ಏಳನೆಯ ಅಕ್ಷರ ಸೇರಿಸುತ್ತ ಹೋಗಿ: ಸಿ ಸೇರಿದರೆ ‘ಸರ್ಟನ್’, ಡಿ ಸೇರಿದರೆ ‘ಟ್ರೇನ್ಡ್’, ಜಿ ಸೇರಿದರೆ ‘ಗ್ರಾನೈಟ್’ ಮತ್ತು ‘ಟೇರಿಂಗ್’, ಪಿ ಸೇರಿದರೆ ‘ಪೇಂಟರ್’, ಎಂ ಸೇರಿದರೆ ‘ಮಿನರೆಟ್’. ಏಳೂ ಬಿಲ್ಲೆಗಳನ್ನು ಒಮ್ಮೆಲೇ ಇಳಿಸಿದವರಿಗೆ 50 ಅಂಕ ಹೆಚ್ಚುವರಿ. ನೂರಾರು ಅಪರೂಪದ ಪದ ಬಾಯಿಪಾಠ ಮಾಡುವುದಕ್ಕಿಂತ ಇಂಥ ಒಂದು ಗುಂಪನ್ನು ಚೆನ್ನಾಗಿ ಅರಗಿಸಿಕೊಳ್ಳುವುದು ಮೇಲು.

ಸಿಕ್ಕಿದ್ದನ್ನು ಬರೆದಿಡಲು ಒಂದು ಉಪಾಯವಿದೆ. ಪ್ರತಿ ಪದದ ಅಕ್ಷರಗಳನ್ನು ಎ-ಬಿ-ಸಿ-ಡಿ ಕ್ರಮಕ್ಕೆ ತನ್ನಿ. ‘ಲಿಸನ್’, ‘ಸೈಲೆಂಟ್’ ಎರಡೂ ಇ-ಐ-ಎಲ್-ಎನ್-ಎಸ್-ಟಿ ಆಗುತ್ತವೆ. ನೋಟ್‌ಬುಕ್‌ನಲ್ಲಿ ಇದನ್ನೇ ತಲೆಬರಹವಾಗಿ ಬರೆದು ಕೆಳಗೆ ಪದಗಳನ್ನು ಸೇರಿಸುತ್ತ ಹೋಗಿ. ಎರಡು ಪದಗಳ ತಲೆಬರಹ ಒಂದೇ ಆಗದಿದ್ದರೆ ಎಲ್ಲೋ ಒಂದು ಅಕ್ಷರ ತಪ್ಪಿದೆ ಎಂದರ್ಥ. ಕಂಪ್ಯೂಟರ್ ಪ್ರೋಗ್ರಾಂ ಬರೆಯುವವರೂ ಇಡೀ ನಿಘಂಟಿನಿಂದ ಅನಗ್ರಾಮ್ ಹೆಕ್ಕಲು ಇದೇ ವಿಧಾನ ಬಳಸುತ್ತಾರೆ. ಉತ್ತರ ಕೊಡುವ ಆ್ಯಪ್‌ಗಳು ಬೇಕಾದಷ್ಟಿವೆ. ಮಕ್ಕಳಿಗೆ ಅವನ್ನು ಕೊನೆಯಲ್ಲಿ ಮಾತ್ರ ತೋರಿಸಿ. ತಾವೇ ಹುಡುಕಿದ ಪದದ ಸ್ಪೆಲ್ಲಿಂಗ್ ಅವರಿಗೆ ಮರೆಯುವುದಿಲ್ಲ.

ಇವತ್ತೇ ಶುರುಮಾಡಲು ಐದು ಅಕ್ಷರ: ಎ, ಇ, ಎಲ್, ಎಸ್, ಟಿ. ಐದನ್ನೂ ಬಳಸಿ ಕನಿಷ್ಠ ಐದು ಪದ ಮಾಡಬೇಕು. ಎಸ್-ಟಿ ಜೋಡಿಯಿಂದ ಆರಂಭಿಸಿ.

ಉತ್ತರ: ಲೀಸ್ಟ್, ಸ್ಲೇಟ್, ಸ್ಟೇಲ್, ಸ್ಟೀಲ್ (ಕದಿಯುವುದು ಎಂಬ ಅರ್ಥದ್ದು), ಟೇಲ್ಸ್ (ಕಥೆಗಳು ಎಂಬ ಅರ್ಥದ್ದು).