'ಪವರ್'ಗೆ ಟರ್ಕಿಶ್‌ನಲ್ಲಿ ಏನಂತಾರೆ?

ಹಾಸ್ಟೆಲಲ್ಲಿ ಪವರ್ ಹೋಯ್ತು. ಫೋನಿನ ಪವರ್ ಬಟನ್ ಕೆಟ್ಟಿದೆ. ಕನ್ನಡಕದ ಪವರ್ ಜಾಸ್ತಿ ಆಗಿದೆ. ಈ ಮೋಟಾರಿನ ಪವರ್ ಎಷ್ಟು? ಎರಡು ಟು ದಿ ಪವರ್ ಮೂರು ಅಂದ್ರೆ ಎಂಟು. ಆ ಪಕ್ಷ ಮತ್ತೆ ಪವರ್‌ಗೆ ಬಂತು.

ಆರು ವಾಕ್ಯ, ಒಂದೇ ಪದ. ನಾವು ಇಂಜಿನಿಯರಿಂಗ್ ಓದೋರು ದಿನಕ್ಕೆ ಎಷ್ಟು ಸಲ ಈ ಪದ ಹೇಳ್ತೀವೋ ಲೆಕ್ಕ ಇಲ್ಲ. ಆದರೆ ಇದೇ ಆರು ವಾಕ್ಯಗಳನ್ನು ಟರ್ಕಿಶ್‌ಗೆ ತಂದರೆ 'ಪವರ್' ಇದ್ದ ಜಾಗದಲ್ಲಿ ಆರು ಬೇರೆ ಬೇರೆ ಮಾತು ಬರುತ್ತವೆ. ಒಂದು ಕಡೆಯಂತೂ 'ಪವರ್' ಅನ್ನೋ ಅರ್ಥವೇ ಮಾಯ.

ಟರ್ಕಿಶ್ ಯಾಕೆ ಅಂತ ಕೇಳಬಹುದು. ನಮ್ಮ ಕ್ಲಬ್ಬಿನ ಕೆಲವರಿಗೆ ಟರ್ಕಿಯ ಸೀರಿಯಲ್ ನೋಡಿ ನೋಡಿ ಆ ಭಾಷೆಯ ಹುಚ್ಚು ಹತ್ತಿದೆ. ಫೋನಿನಲ್ಲಿ ಕಲಿಯೋಕೆ ಹೋದರೆ ನಮಗೆ ಸಿಕ್ಕಿದ್ದು ಇಂಗ್ಲಿಷ್ ಮೂಲಕದ ಪಾಠಗಳೇ. ಇಂಗ್ಲಿಷ್ ಪದ, ಅದರ ಮುಂದೆ ಟರ್ಕಿಶ್ ಪದ. ಹೀಗೆ ಕಲಿತಾ ಇದ್ದರೆ ಒಂದು ಇಂಗ್ಲಿಷ್ ಪದಕ್ಕೆ ಒಂದು ಟರ್ಕಿಶ್ ಪದ ಅನ್ನೋ ಲೆಕ್ಕ ತಲೇಲಿ ಕೂತುಬಿಡುತ್ತೆ. 'ಪವರ್' ಆ ಲೆಕ್ಕವನ್ನು ಚೆನ್ನಾಗಿ ಕೆಡಿಸುತ್ತೆ. ಅದಕ್ಕೇ ಈ ಪಾಠಕ್ಕೆ ಅದನ್ನೇ ಆರಿಸಿಕೊಂಡಿದ್ದೀವಿ.

ಮೊದಲು ನಮ್ಮ ಸಿಲಬಸ್‌ನ ಪವರ್. ವ್ಯಾಟ್‌ನಲ್ಲಿ ಅಳೆಯೋದು. ಇದಕ್ಕೆ ಟರ್ಕಿಶ್‌ನಲ್ಲಿ 'ಗ್ಯುಚ್'. ಈ ಉಚ್ಚಾರವನ್ನು ಕನ್ನಡ ಲಿಪಿಯಲ್ಲಿ ಸರಿಯಾಗಿ ಬರೆಯೋಕೆ ಆಗಲ್ಲ. 'ಗಿಚ್' ಅನ್ನೋಕೆ ಬಾಯಿ ಇಟ್ಟುಕೊಂಡು, ತುಟಿ ಮಾತ್ರ 'ಉ' ಹೇಳುವಾಗಿನ ಹಾಗೆ ಗುಂಡಗೆ ಮಾಡಿ. ಆಗ ಬರೋ ಸ್ವರ ಅದು. ಅಶ್ವಶಕ್ತಿಗೆ 'ಬೆಯ್ಗಿರ್ ಗ್ಯುಜ್ಯು' ಅಂತಾರೆ. ಬೆಯ್ಗಿರ್ ಅಂದ್ರೆ ಕುದುರೆ, ಅದರಲ್ಲೂ ಹೊರೆ ಹೊರುವ, ಗಾಡಿ ಎಳೆಯುವ ಕುದುರೆ. ಗ್ಯುಚ್ ಇಲ್ಲಿ ಗ್ಯುಜ್ ಆಗಿದ್ದು ಗಮನಿಸಿದ್ರಾ? ಮುಂದೆ ಸ್ವರದಿಂದ ಶುರುವಾಗೋ ಪ್ರತ್ಯಯ ಬಂದರೆ ಕೊನೆಯ 'ಚ' ಮೆತ್ತಗಾಗಿ 'ಜ' ಆಗುತ್ತೆ. 'ಕಿತಾಪ್' ಅಂದ್ರೆ ಪುಸ್ತಕ, 'ಕಿತಾಬಿ' ಅಂದ್ರೆ ಪುಸ್ತಕವನ್ನು. ಹೈಸ್ಕೂಲಿನ ಕನ್ನಡ ವ್ಯಾಕರಣದಲ್ಲಿ ಆದೇಶ ಸಂಧಿ ಓದಿದ್ದು ನೆನಪಿರಬೇಕಲ್ಲ, ಮಳೆ ಮತ್ತು ಕಾಲ ಸೇರಿ ಮಳೆಗಾಲ, ಬೆಟ್ಟ ಮತ್ತು ತಾವರೆ ಸೇರಿ ಬೆಟ್ಟದಾವರೆ. ನಿಯಮ ಒಂದೇ ಅಲ್ಲ, ಆದರೆ ಕಿವಿಗೆ ಗುರುತು ಸಿಗುತ್ತೆ.

ಎಲೆಕ್ಟ್ರಿಕಲ್ ಬ್ರಾಂಚಿನವರಿಗೆ ಒಂದು ಸುಲಭ ಸುದ್ದಿ. ಆ್ಯಕ್ಟಿವ್ ಪವರ್, ರಿಯಾಕ್ಟಿವ್ ಪವರ್ ಎರಡೂ ಟರ್ಕಿಶ್‌ನಲ್ಲಿ ಆಕ್ಟಿಫ್ ಗ್ಯುಚ್, ರಿಯಾಕ್ಟಿಫ್ ಗ್ಯುಚ್. ಅಪರೆಂಟ್ ಪವರ್‌ಗೆ ಮಾತ್ರ ಅಕ್ಷರಶಃ 'ಕಾಣುವ ಗ್ಯುಚ್' ಅಂತ ಹೇಳ್ತಾರೆ. ಯೂಫ್ರೆಟಿಸ್ ನದಿಯ ಮೇಲಿನ ಅತಾತುರ್ಕ್ ಅಣೆಕಟ್ಟಿನ ವಿದ್ಯುದಾಗಾರ 2400 ಮೆಗಾವ್ಯಾಟ್‌ನದ್ದು. ಅದನ್ನು ಹೇಳುವಾಗಲೂ 'ಸ್ಥಾಪಿಸಿದ ಗ್ಯುಚ್' ಅನ್ನೋ ಮಾತೇ. ನಮ್ಮ ಶರಾವತಿಯ 1035 ಮೆಗಾವ್ಯಾಟ್‌ಗೆ ಕನ್ನಡ ಪತ್ರಿಕೆಗಳು 'ಸ್ಥಾಪಿತ ಸಾಮರ್ಥ್ಯ' ಅಂತ ಬರೀತಾವಲ್ಲ, ಹಾಗೆ.

ಈ 'ಸಾಮರ್ಥ್ಯ' ಪದದ ಹತ್ತಿರ ಸ್ವಲ್ಪ ನಿಲ್ಲಬೇಕು. ಇಂಗ್ಲಿಷ್ ಮೀಡಿಯಂನಲ್ಲಿ ಓದಿ ಬಂದ ನಮ್ಮಂಥವರಿಗೆ ಫೋರ್ಸ್, ಎನರ್ಜಿ, ಪವರ್ ಮೂರಕ್ಕೂ ಕನ್ನಡದಲ್ಲಿ ಥಟ್ಟನೆ ನೆನಪಾಗೋದು ಒಂದೇ ಪದ, 'ಶಕ್ತಿ'. ಕನ್ನಡ ಮೀಡಿಯಂನಿಂದ ಬಂದ ಕ್ಲಾಸ್‌ಮೇಟ್‌ಗಳನ್ನು ಕೇಳಿ ನೋಡಿ. ಫೋರ್ಸ್ ಅಂದ್ರೆ ಬಲ, ಎನರ್ಜಿ ಅಂದ್ರೆ ಶಕ್ತಿ, ಪವರ್ ಅಂದ್ರೆ ಸಾಮರ್ಥ್ಯ ಅಂತ ಒಂದು ಸೆಕೆಂಡ್ ಯೋಚಿಸದೆ ಹೇಳ್ತಾರೆ. ಮೊದಲ ಸೆಮಿಸ್ಟರ್‌ನಲ್ಲಿ ಇಂಗ್ಲಿಷ್ ಲೆಕ್ಚರ್ ಅರ್ಥ ಆಗಲ್ಲ ಅಂತ ಹಿಂದಿನ ಬೆಂಚಲ್ಲಿ ಸುಮ್ಮನೆ ಕೂರೋದು ಇದೇ ಹುಡುಗ ಹುಡುಗಿಯರು. ಟರ್ಕಿಶ್ ಪಾಠಕ್ಕೆ ಅವರೇ ನಮಗಿಂತ ಮುಂದೆ. ಯಾಕಂದ್ರೆ ಅಲ್ಲೂ ಬಲಕ್ಕೆ 'ಕುವ್ವೆತ್', ಶಕ್ತಿಗೆ 'ಎನೆರ್ಜಿ', ಸಾಮರ್ಥ್ಯಕ್ಕೆ 'ಗ್ಯುಚ್' ಅಂತ ಮೂರು ಪದ, ಮೂರು ಬೇರೆ ಡಬ್ಬಿ. ಇಂಗ್ಲಿಷ್ ಫಿಸಿಕ್ಸ್ ಪುಸ್ತಕದಲ್ಲೂ ಮೂರು ಪದ ಇವೆ, ಇಲ್ಲ ಅಂತಲ್ಲ; ಆದರೆ ಮಾತಿಗೆ ಬಂದ ಕೂಡಲೇ ಎಲ್ಲವೂ 'ಪವರ್' ಆಗಿಬಿಡುತ್ತೆ. 'ಪವರ್ ಬಿಲ್' ಅಂತೀವಿ, ಆದರೆ ಮೀಟರ್ ಎಣಿಸೋ ಯೂನಿಟ್ ಕಿಲೋವ್ಯಾಟ್ ಅವರ್. ಅಂದ್ರೆ ಅದು ಎನರ್ಜಿ.

'ಕುವ್ವೆತ್' ಕೇಳಿದಾಗ ಉತ್ತರ ಕರ್ನಾಟಕದ ಗೆಳೆಯರು ನಗಬಹುದು. ಇದು ನಮ್ಮ 'ಕುವ್ವತ್ತು'. ಅರಬ್ಬಿಯಿಂದ ಹೊರಟು ಒಂದು ಕಡೆ ಟರ್ಕಿಗೆ ಹೋಗಿದೆ, ಇನ್ನೊಂದು ಕಡೆ ಪರ್ಷಿಯನ್, ಉರ್ದು ದಾಟಿ ನಮ್ಮ ಹತ್ತಿರ ಬಂದಿದೆ. 'ತಾಕತ್ತು' ಕೂಡ ಹೀಗೇ. ಟರ್ಕಿಶ್‌ನ 'ತಾಕತ್' ಮೈಯಲ್ಲಿನ ತ್ರಾಣಕ್ಕೆ ಬಳಸೋ ಪದ, ಸುಸ್ತಾದವರು ತಾಕತ್ ಉಳಿದಿಲ್ಲ ಅಂತಾರೆ. ವಾಯುಪಡೆಗೆ 'ಹವಾ ಕುವ್ವೆತ್ಲೆರಿ'. ಹವಾ ಅಂದ್ರೆ ಅಲ್ಲೂ ಹವೆಯೇ. (ನಮ್ಮಲ್ಲಿ 'ಈಗ ಅವನದೇ ಹವಾ' ಅಂದರೆ ಅದೂ ಒಂಥರಾ ಪವರ್ರೇ!)

'ಜೋರು' ಮಾತ್ರ ಹುಷಾರು. ಪರ್ಷಿಯನ್‌ನಲ್ಲಿ ಈ ಪದಕ್ಕೆ ಬಲ ಅಂತ ಅರ್ಥ. ನಮ್ಮಲ್ಲಿ ಜೋರು ಮಳೆ, ಜೋರು ಬಾಯಿ. ಟರ್ಕಿಶ್‌ನಲ್ಲಿ 'ಜೋರ್' ಅಂದ್ರೆ ಕಷ್ಟ. ಪರೀಕ್ಷೆ ಜೋರ್ ಇತ್ತು ಅಂತ ಅವರು ಹೇಳಿದರೆ ಕಷ್ಟ ಇತ್ತು ಅಂತ, ಸಖತ್ತಾಗಿ ಆಯ್ತು ಅಂತಲ್ಲ. ವಿಚಿತ್ರ ಅಂದ್ರೆ 'ಗ್ಯುಚ್' ಪದಕ್ಕೂ ಕಷ್ಟ ಅನ್ನೋ ಎರಡನೇ ಅರ್ಥ ಇದೆ. 'ಗ್ಯುಚ್ಲ್ಯು' ಅಂದ್ರೆ ಬಲಶಾಲಿ, ಅದಕ್ಕೆ ಕೊನೆಯಲ್ಲಿ ಒಂದು 'ಕ್' ಸೇರಿ 'ಗ್ಯುಚ್ಲ್ಯುಕ್' ಆದರೆ ತೊಂದರೆ. ಇಂಗ್ಲಿಷಿನ ಒಂದು ಪದ ಟರ್ಕಿಶ್‌ನಲ್ಲಿ ಆರಾಗಿ ಒಡೆಯೋ ಹಾಗೆ ಟರ್ಕಿಶ್‌ನ ಒಂದು ಪದ ಇಂಗ್ಲಿಷ್‌ನಲ್ಲಿ ಎರಡಾಗಿ ಒಡೆಯುತ್ತೆ. ಯಾವ ಭಾಷೆಯೂ ಇದರಿಂದ ತಪ್ಪಿಸಿಕೊಂಡಿಲ್ಲ.

ಗಣಿತದ ಪವರ್‌ಗೆ ಹೋಗೋಣ. ಎರಡರ ಮೂರನೇ ಘಾತ ಅನ್ನೋದಕ್ಕೆ ಟರ್ಕಿಶ್‌ನಲ್ಲಿ 'ಎರಡರ ಮೂರನೇ ಕುವ್ವೆತ್' ಅಂತ ಹೇಳಬಹುದು. ಶಾಲೆಯಲ್ಲಿ ಹೆಚ್ಚು ಕೇಳೋದು 'ಇಕಿ ಯುಸ್ಸ್ಯು ಯುಚ್'. ಇಕಿ ಎರಡು, ಯುಚ್ ಮೂರು, ನಡುವೆ 'ಯುಸ್' ಅಂದ್ರೆ ಘಾತಾಂಕ. ಇಲ್ಲಿ ಒಂದು ಗುಂಡಿ ಇದೆ. ಇದೇ 'ಯುಸ್' ಪದಕ್ಕೆ ಸೇನಾ ನೆಲೆ ಅಂತಲೂ ಅರ್ಥ. ಅದನಾ ನಗರದ ಹತ್ತಿರದ ಇಂಜಿರ್ಲಿಕ್ ವಾಯುನೆಲೆಗೆ ಇದೇ ಪದ ಬಳಸ್ತಾರೆ. ಸೇನಾ ನೆಲೆಗೆ ಇಂಗ್ಲಿಷ್‌ನಲ್ಲಿ 'ಬೇಸ್' ಅಲ್ವಾ? ಗಣಿತದಲ್ಲೂ 'ಬೇಸ್' ಇದೆ, ಕೆಳಗಿರೋ ಎರಡು. ಹಾಗಂತ ಬೇಸ್ ಅಂದ್ರೆ ಯುಸ್ ಅಂತ ಡಿಕ್ಷನರಿ ನೋಡಿ ಬರೆದರೆ ಕೆಳಗಿನ ಸಂಖ್ಯೆ ಮೇಲೆ ಹೋಗಿ ಕೂರುತ್ತೆ, ಎರಡರ ಘಾತ ಮೂರು ಹೋಗಿ ಮೂರರ ಘಾತ ಎರಡು ಆಗುತ್ತೆ. ಎಂಟರ ಬದಲು ಒಂಬತ್ತು! ಗಣಿತದ ಬೇಸ್‌ಗೆ ಅಲ್ಲಿ 'ತಬಾನ್' ಅನ್ನಬೇಕು. ತಬಾನ್ ಅಂದ್ರೆ ಅಂಗಾಲು ಕೂಡ ಹೌದು, ಅಡಿಯಲ್ಲಿರೋದು ಅಂತ ನೆನಪಿಟ್ಟುಕೊಳ್ಳಬಹುದು.

ಟರ್ಕಿಯ ಗಣಿತದ ಪದಗಳದ್ದೇ ಒಂದು ಕತೆ ಇದೆ. 1928ರಲ್ಲಿ ಅರಬ್ಬಿ ಲಿಪಿ ಬಿಟ್ಟು ಲ್ಯಾಟಿನ್ ಲಿಪಿಗೆ ಬಂದರು. 1932ರಲ್ಲಿ ಭಾಷೆಯ ಕೆಲಸಕ್ಕೆ ಅಂತಲೇ ಒಂದು ಸಂಸ್ಥೆ ಶುರುವಾಯ್ತು, ಅರಬ್ಬಿ ಪರ್ಷಿಯನ್ ಪದಗಳ ಜಾಗಕ್ಕೆ ಟರ್ಕಿಶ್ ಪದ ಕಟ್ಟೋ ಕೆಲಸ ಜೋರಾಗಿ (ನಮ್ಮ ಅರ್ಥದ ಜೋರು) ನಡೀತು. ಅತಾತುರ್ಕ್ ಸ್ವತಃ ಒಂದು ರೇಖಾಗಣಿತದ ಪುಸ್ತಕ ಬರೆದರು, ಅದು 1937ರಲ್ಲಿ ಅಚ್ಚಾಯ್ತು. ತ್ರಿಭುಜಕ್ಕೆ 'ಯುಚ್ಗೆನ್' ಅನ್ನೋ ಪದ ಅದರಲ್ಲಿದೆ. ಯುಚ್ ಅಂದ್ರೆ ಮೂರು, ನೋಡಿದ ಕೂಡಲೇ ಮಗುವಿಗೂ ತಿಳಿಯುತ್ತೆ. ದೇಶ ಆಳೋರು ಕೂತು ತ್ರಿಭುಜಕ್ಕೆ ಪದ ಹುಡುಕಿದ್ದು ನಮಗಂತೂ ಬಹಳ ಇಷ್ಟವಾದ ವಿಷಯ.

ಆಳೋರ ವಿಷಯಕ್ಕೆ ಬಂದಾಗ ಪವರ್ 'ಇಕ್ತಿದಾರ್' ಆಗುತ್ತೆ. ಇಲ್ಲಿ ಗ್ಯುಚ್ ಹಾಕಿ 'ಗ್ಯುಚ್‌ಗೆ ಬಂದರು' ಅಂದ್ರೆ ಯಾರಿಗೂ ತಿಳಿಯಲ್ಲ. 'ಇಕ್ತಿದಾರಾ ಗೆಲ್ದಿ' ಅನ್ನಬೇಕು. ಕೊನೆಯ 'ಆ' ನಮ್ಮ ಚತುರ್ಥಿ ವಿಭಕ್ತಿಯ 'ಕ್ಕೆ', ಗೆಲ್ದಿ ಅಂದ್ರೆ ಬಂದಿತು. ಅಧಿಕಾರಕ್ಕೆ ಬಂದಿತು, ಅಷ್ಟೇ, ಪದಕ್ಕೆ ಪದ ಕೂರುತ್ತೆ. ಆಳುವ ಪಕ್ಷ ಇಕ್ತಿದಾರ್ ಪಕ್ಷ. ಒಬ್ಬ ಅಧಿಕಾರಿಗೆ ಸಹಿ ಹಾಕೋ ಪವರ್ ಇದೆ ಅಂದ್ರೆ ಅದು ಇಕ್ತಿದಾರ್ ಅಲ್ಲ, 'ಯೆತ್ಕಿ'. ಕನ್ನಡದಲ್ಲಿ ಎರಡಕ್ಕೂ ಅಧಿಕಾರ ಅಂತೀವಿ, ಹಾಗಾಗಿ ಇಲ್ಲಿ ಕನ್ನಡದವರೂ ಎಡವೋ ಸಾಧ್ಯತೆ ಇದೆ. ಪವರ್ ಆಫ್ ಅಟಾರ್ನಿಗೆ 'ವೆಕಾಲೆತ್‌ನಾಮೆ'. ನಮ್ಮ ಕೋರ್ಟುಗಳ ವಕಾಲತ್ತು! ಆದರೆ ಟರ್ಕಿಯಲ್ಲಿ ವಕೀಲರಿಗೆ 'ಅವುಕಾತ್' ಅಂತಾರೆ. 'ವೆಕಿಲ್' ಅಂದ್ರೆ ಪ್ರತಿನಿಧಿ, 'ಮಿಲ್ಲೆತ್‌ವೆಕಿಲಿ' ಅಂದ್ರೆ ಅವರ ಸಂಸದ.

ಇತಿಹಾಸದ ಪುಸ್ತಕದಲ್ಲಿ ಇನ್ನೊಂದು ಪವರ್ ಇದೆ, ಮೊದಲ ಮಹಾಯುದ್ಧದ ಅಲೈಡ್ ಪವರ್ಸ್. ಇಲ್ಲಿ ಪವರ್ ಅಂದ್ರೆ ದೇಶ. ಟರ್ಕಿಶ್ ಅದನ್ನು ಸೀದಾ 'ದೆವ್ಲೆತ್' ಅನ್ನುತ್ತೆ, ಅಂದ್ರೆ ರಾಷ್ಟ್ರ, ಪ್ರಭುತ್ವ. 1923ರ ಲೊಸಾನ್ ಒಪ್ಪಂದದಲ್ಲಿ ಟರ್ಕಿಯ ಎದುರು ಕೂತಿದ್ದು ಇಂಥ ದೆವ್ಲೆತ್‌ಗಳು. ಈ ಪದವೂ ನಮ್ಮ ಮನೆಗೆ ಬಂದಿದೆ, 'ದೌಲತ್ತು' ಆಗಿ. ಟರ್ಕಿಯಲ್ಲಿ ಅದು ಪ್ರಭುತ್ವ, ಉರ್ದುವಿನಲ್ಲಿ ಸಂಪತ್ತು, ನಮ್ಮಲ್ಲಿ ಅವೆರಡೂ ಇದ್ದವರ ಸೊಕ್ಕು. ಇದರ ಮೇಲೆ ನಾವು ಏನೂ ಹೇಳಲ್ಲ.

ಕರೆಂಟಿಗೆ ಬರೋಣ, ಪ್ರಾಣಕ್ಕೆ ಹತ್ತಿರದ ವಿಷಯ. ಪವರ್ ಹೋದರೆ ಟರ್ಕಿಯವರು 'ಎಲೆಕ್ಟ್ರಿಕ್ಲೆರ್ ಗಿತ್ತಿ' ಅಂತಾರೆ. ಬಹುವಚನ! ಎಲೆಕ್ಟ್ರಿಕ್‌ಗಳು ಹೋಯ್ತು ಅಂತ. 'ಗಿತ್ತಿ' ಅಂದ್ರೆ ಹೋಯ್ತು, ವಾಪಸ್ ಬಂದಾಗ 'ಗೆಲ್ದಿ'. ನಾವೂ ಕರೆಂಟ್ ಹೋಯ್ತು, ಬಂತು ಅಂತೀವಿ, ಯಾರೋ ನೆಂಟರ ಹಾಗೆ. ಹಳೇ ತಲೆಮಾರಿನವರ ಮಾತಲ್ಲಿ ಎಲೆಕ್ಟ್ರಿಕ್ ಬದಲು 'ಜೆರೆಯಾನ್' ಅಂತಲೂ ಇದೆ. ಅದರ ಅರ್ಥ ಹರಿವು, ಅಂದ್ರೆ ಸಾಕ್ಷಾತ್ ಕರೆಂಟ್! ಕಾನೂನು ಜಾರಿಗೆ ಬಂತು ಅಂತೀವಲ್ಲ, ಆ 'ಜಾರಿ'ಯೂ ಅದೇ ಅರಬ್ಬಿ ಬೇರಿನದ್ದು. ಬ್ಯಾಂಕಿನ ಕರೆಂಟ್ ಅಕೌಂಟಿಗೆ ಟರ್ಕಿಯಲ್ಲಿ ಇವತ್ತಿಗೂ 'ಜಾರಿ ಹೆಸಾಪ್' ಅಂತಲೇ ಹೆಸರು.

ಕನ್ನಡಕದ ಪವರ್ ಅಲ್ಲಿ 'ನುಮರಾ', ಅಂದ್ರೆ ನಂಬರ್. ನಮ್ಮಲ್ಲೂ ಕೆಲವು ಮನೆಗಳಲ್ಲಿ ಕನ್ನಡಕದ ನಂಬರ್ ಅಂತಾರೆ. ಪವರ್ ಬಟನ್‌ಗೆ 'ತೆರೆಯೋ ಮುಚ್ಚೋ ಗುಂಡಿ' ಅನ್ನೋ ಅರ್ಥದ ಮಾತು ಇದೆ. ಮೊದಲೇ ಹೇಳಿದ, ಪವರ್ ಮಾಯವಾಗೋ ಜಾಗ ಇದೇ.

ಕೊನೆಯದು ನಮಗೆ ಎಲ್ಲಕ್ಕಿಂತ ಹಿಡಿಸಿದ್ದು. 'ಐ ಡಿಡ್ ಎವೆರಿಥಿಂಗ್ ಇನ್ ಮೈ ಪವರ್' ಅನ್ನೋದನ್ನು ಟರ್ಕಿಶ್‌ಗೆ ತರಬೇಕು ಅಂದ್ಕೊಳ್ಳಿ. ಗ್ಯುಚ್, ಕುವ್ವೆತ್, ಇಕ್ತಿದಾರ್ ಯಾವುದನ್ನು ಹಾಕಲಿ ಅಂತ ಹುಡುಕ್ತಾ ಕೂತರೆ ಸಿಗಲ್ಲ. ಅವರು ಹೇಳೋದು 'ಎಲಿಮ್‌ದೆನ್ ಗೆಲೆನಿ ಯಾಪ್ತಿಮ್'. ಬಿಡಿಸಿ ನೋಡೋಣ. 'ಎಲ್' ಕೈ. 'ಎಲಿಮ್' ನನ್ನ ಕೈ. 'ಎಲಿಮ್‌ದೆನ್' ನನ್ನ ಕೈಯಿಂದ. 'ಗೆಲೆನ್' ಬರುವಂಥದ್ದು, 'ಗೆಲೆನಿ' ಬರುವಂಥದ್ದನ್ನು. 'ಯಾಪ್ತಿಮ್' ಮಾಡಿದೆನು. ನನ್ನ ಕೈಯಿಂದ ಬರುವಂಥದ್ದನ್ನು ಮಾಡಿದೆನು. ನಮ್ಮ ಮನೆಗಳಲ್ಲಿ 'ನನ್ನ ಕೈಲಾದದ್ದು ಮಾಡಿದೀನಿ' ಅಂತಾರಲ್ಲ, ಅದೇ. ಪದಗಳ ಕ್ರಮ ಕೂಡ ಹೆಚ್ಚುಕಡಿಮೆ ಹಾಗೇ, ಕ್ರಿಯಾಪದ ಕೊನೆಗೆ, ವಿಭಕ್ತಿ ಪದದ ಬಾಲಕ್ಕೆ. 'ಎಲಿಮ್‌ದೆ ದೆಯಿಲ್' ಅಂದ್ರೆ ನನ್ನ ಕೈಲಿಲ್ಲ. ಟರ್ಕಿಶ್ ಬೇರೆ ಕುಟುಂಬದ ಭಾಷೆ, ಕನ್ನಡಕ್ಕೆ ಸಂಬಂಧಿ ಅಂತ ನಾವು ಹೇಳ್ತಿಲ್ಲ. ಆದರೆ ಈ ವಾಕ್ಯವನ್ನು ಇಂಗ್ಲಿಷ್‌ನಿಂದ ಟರ್ಕಿಶ್‌ಗೆ ತರಬೇಕಾದರೆ ಪೂರ್ತಿ ಕೆಡವಿ ಕಟ್ಟಬೇಕು, ಕನ್ನಡದಿಂದಾದರೆ ಇಟ್ಟಿಗೆ ಒಂದೊಂದಾಗಿ ದಾಟಿಸಬಹುದು. ಇಂಗ್ಲಿಷ್ ಮೂಲಕವೇ ಕಲೀತಾ ಇದ್ದರೂ ಪಕ್ಕದಲ್ಲಿ ಒಂದು ಕನ್ನಡ ಕಾಲಂ ಬರೆದಿಟ್ಟುಕೊಳ್ಳಿ ಅಂತ ಹೊಸದಾಗಿ ಸೇರಿದವರಿಗೆ ನಾವು ಹೇಳೋದು ಇದಕ್ಕೇ.

ಮನೆಗೆಲಸಕ್ಕೆ ಎರಡು ಕೊಡ್ತೀವಿ: ಸೋಲಾರ್ ಪವರ್ ಮತ್ತು ವಿಲ್ ಪವರ್. ಮೊದಲನೆಯದಕ್ಕೆ ಸುಳಿವು, ಅದು ಗ್ಯುಚ್ ಅಲ್ಲ, ಎನೆರ್ಜಿ. ಎರಡನೆಯದರ ಟರ್ಕಿಶ್ ಪದ ನಿಮಗೆ ಆಗಲೇ ಗೊತ್ತು. 'ಹೋಗುವ ಇರಾದೆ ಇಲ್ಲ' ಅಂತ ನಿಮ್ಮ ತಾತ ಹೇಳಿದ್ದು ಕೇಳಿದ್ದರೆ ಸಾಕು. ಮುಂದಿನ ಸಂಚಿಕೆಗೆ 'ಚಾರ್ಜ್' ತಗೊಳ್ತೀವಿ. ಬ್ಯಾಟರಿ ಚಾರ್ಜ್, ಎಲೆಕ್ಟ್ರಾನಿನ ಚಾರ್ಜ್, ಆಟೋ ಚಾರ್ಜ್, ಚಾರ್ಜ್ ಶೀಟ್, ಯಾರಿಗಾದರೂ ಇನ್ನೂ ಹೊಳೆದರೆ ಕ್ಲಬ್ಬಿನ ಗ್ರೂಪಿಗೆ ಹಾಕಿ.