ಗುರುವಾರದ ಅಡುಗೆ, ಶುಕ್ರವಾರದ ಸಾಲು: ಹೊಸದಾಗಿ ಬಂದವರಿಗೆ ಕಿವಿಮಾತು

ನವೆಂಬರ್‌ನ ನಾಲ್ಕನೇ ಗುರುವಾರ ಥ್ಯಾಂಕ್ಸ್‌ಗಿವಿಂಗ್, ಮರುದಿನ ಬ್ಲ್ಯಾಕ್ ಫ್ರೈಡೇ. ಅಮೆರಿಕಕ್ಕೆ ಹೊಸದಾಗಿ ಬಂದ ನಮ್ಮ ಹುಡುಗ ಹುಡುಗಿಯರು ಆಗ ಫೋನ್ ಮಾಡಿ ಕೇಳುವುದು ಎರಡೇ: "ಆಂಟಿ, ಏನು ಅಡುಗೆ ಮಾಡ್ಲಿ? ಏನು ತಗೊಳ್ಳಲಿ?" ಒಬ್ಬೊಬ್ಬರಿಗೇ ಹೇಳುವ ಬದಲು ಇಲ್ಲಿ ಬರೆದಿಟ್ಟಿದ್ದೇನೆ.

• ಸಸ್ಯಾಹಾರಿಗಳ ಮನೆಯಲ್ಲಿ ಟರ್ಕಿ ಬೇಯಲೇಬೇಕೆಂಬ ಕಾನೂನಿಲ್ಲ. ಸಿಹಿಗುಂಬಳದ ಹುಳಿ, ಗೆಣಸಿನ ಪಲ್ಯ, ಹುರುಳಿಕಾಯಿ ಪಲ್ಯ, ಮುಸುಕಿನ ಜೋಳದ ಉಸಲಿ ಮಾಡಿ. ಈ ನಾಲ್ಕೂ ಮೊದಲು ಬೆಳೆದದ್ದು ಅಮೆರಿಕ ಖಂಡಗಳಲ್ಲೇ, ನಮ್ಮೂರಿಗೆ ಬಂದದ್ದು ಆಮೇಲೆ. ಆಫೀಸಿನ ಅಮೆರಿಕನ್ ಸ್ನೇಹಿತರನ್ನು ಕರೆದಿದ್ದರೂ ಸಂಕೋಚ ಬೇಡ.

• ಡಬ್ಬಿಯ ಕುಂಬಳಕಾಯಿ ಕೊಳ್ಳುವಾಗ ಚೀಟಿ ಓದಿ. ಒಂದು ಬರೀ ಕುಂಬಳಕಾಯಿ, ಪಕ್ಕದಲ್ಲೇ ಇರುವ ಇನ್ನೊಂದು 'ಪೈ ಮಿಕ್ಸ್'. ಅದರಲ್ಲಿ ಸಕ್ಕರೆ, ಚಕ್ಕೆ, ಲವಂಗ ಎಲ್ಲ ಆಗಲೇ ಸೇರಿರುತ್ತದೆ. ಹುಳಿಗೆ ಅದು ಬಿತ್ತೋ, ಊಟ ಕೆಟ್ಟಿತು.

• ಕ್ರ್ಯಾನ್‌ಬೆರಿ ಹಣ್ಣಿಗೆ ಹೆದರಬೇಡಿ, ಗೊಜ್ಜಿಗೆಂದೇ ಹುಟ್ಟಿದ ಹುಳಿ ಅದು. ಹನ್ನೆರಡು ಔನ್ಸಿನ ಒಂದು ಚೀಲ ಸಾಕು. ಸಾಸಿವೆ, ಇಂಗು, ಒಣಮೆಣಸಿನಕಾಯಿ ಒಗ್ಗರಣೆಗೆ ಹಣ್ಣು, ಅರಿಶಿನ, ಉಪ್ಪು ಹಾಕಿ ಮುಚ್ಚಿಡಿ. ಹಣ್ಣು ಪಟಪಟನೆ ಒಡೆಯುತ್ತದೆ, ಮುಖ ದೂರವಿರಲಿ. ಆಮೇಲೆ ಬೆಲ್ಲ, ಅಚ್ಚಖಾರದ ಪುಡಿ, ಹುರಿದ ಮೆಂತ್ಯದ ಪುಡಿ. ಹುಣಸೆಹಣ್ಣು ಬೇಕಿಲ್ಲ. ಎರಡು ಚೀಲ ಹೆಚ್ಚಿಗೆ ತಂದು ಫ್ರೀಜರಿನಲ್ಲಿಡಿ. ಸಂಕ್ರಾಂತಿಯ ಚಿತ್ರಾನ್ನಕ್ಕೂ ಆದೀತು.

• ಟರ್ಕಿ ಮಾಡುವವರು ಭಾನುವಾರ ರಾತ್ರಿಯೇ ಎಚ್ಚರವಾಗಬೇಕು. ಗಡ್ಡೆ ಕಟ್ಟಿದ ಹಕ್ಕಿ ಫ್ರಿಜ್ಜಿನಲ್ಲಿ ಕರಗಲು ಪ್ರತಿ ನಾಲ್ಕೈದು ಪೌಂಡಿಗೆ ಒಂದು ದಿನ ಬೇಕು. ಹದಿನೈದು ಪೌಂಡಿನದಕ್ಕೆ ಮೂರು ನಾಲ್ಕು ದಿನ. ಮರೆತವರು ತಣ್ಣೀರಿನಲ್ಲಿ ಮುಳುಗಿಸಿ, ಅರ್ಧ ಗಂಟೆಗೊಮ್ಮೆ ನೀರು ಬದಲಿಸಲಿ. ಪೌಂಡಿಗೆ ಅರ್ಧ ಗಂಟೆಯಂತೆ ಅದೂ ಏಳೂವರೆ ಗಂಟೆಯ ಕೆಲಸ. ಸಿಂಕಿನಲ್ಲಿ ತೊಳೆಯಬೇಡಿ, ಕೋಳಿ ತೊಳೆದು ಬೆಳೆದವರಿಗೆ ಇದು ಕಷ್ಟ, ಗೊತ್ತು. ಆದರೆ ಸಿಡಿದ ನೀರಿನೊಂದಿಗೆ ರೋಗಾಣು ಪಕ್ಕದ ಕೋಸಂಬರಿಗೂ ಹೋಗುತ್ತದೆ. 325 ಡಿಗ್ರಿ ಫ್ಯಾರನ್‌ಹೀಟ್ ಓವನ್ನಿನಲ್ಲಿ ಸುಮಾರು ನಾಲ್ಕು ಗಂಟೆ. ಬಣ್ಣ ನೋಡಿ ಬೆಂದಿದೆ ಎನ್ನಬೇಡಿ, ಥರ್ಮಾಮೀಟರ್ ಚುಚ್ಚಿ ನೋಡಿ: ಒಳಗೆ 165 ಮುಟ್ಟಿರಬೇಕು.

• ಈ ದೇಶದಲ್ಲಿ ಅಡುಗೆಮನೆಗೆ ಬೆಂಕಿ ಬೀಳುವುದು ಅತಿ ಹೆಚ್ಚು ಈ ದಿನವೇ. ಒಗ್ಗರಣೆ ಹಾಕುವ ಮುಂಚೆ ಫ್ಯಾನ್ ಹಾಕಿ, ಕಿಟಕಿ ತೆರೆಯಿರಿ. ಹೊಗೆಯ ಅಲಾರಂ ಕೂಗುತ್ತದೆಂದು ಅದರ ಬ್ಯಾಟರಿ ಕಿತ್ತಿಡುವ ಜಾಣರು ನಮ್ಮಲ್ಲಿದ್ದಾರೆ, ನೀವಾಗಬೇಡಿ.

• ಬೇರೆಯವರ ಮನೆಗೆ ಊಟಕ್ಕೆ ಹೋಗುವ ಸಸ್ಯಾಹಾರಿಗಳು ಗ್ರೇವಿ, ಸ್ಟಫಿಂಗ್, ಗೆಣಸಿನ ಮೇಲಿನ ಮಾರ್ಷ್‌ಮ್ಯಾಲೋ, ಈ ಮೂರನ್ನು ಕೇಳಿಯೇ ತಿನ್ನಿ. ಮಾರ್ಷ್‌ಮ್ಯಾಲೋದಲ್ಲಿ ಸಾಮಾನ್ಯವಾಗಿ ಪ್ರಾಣಿಯ ಜೆಲಾಟಿನ್ ಇರುತ್ತದೆ. ಒಂದು ಡಬ್ಬಿ ಮೊಸರನ್ನ ಕಾರಿನಲ್ಲಿದ್ದರೆ ತಪ್ಪೇನಿಲ್ಲ.

• ಉಳಿದದ್ದನ್ನು ಎರಡು ಗಂಟೆಯೊಳಗೆ ಫ್ರಿಜ್ಜಿಗೆ ಸೇರಿಸಿ, ಮೂರು ನಾಲ್ಕು ದಿನದಲ್ಲಿ ಮುಗಿಸಿ.

• ಓದಲು ಬಂದ ಮಕ್ಕಳನ್ನು ಮರೆಯಬೇಡಿ. ಆ ವಾರ ಕಾಲೇಜಿನ ಊಟದ ಹಾಲ್ ಮುಚ್ಚಿರುವುದುಂಟು, ಬಸ್ಸೂ ಕಡಿಮೆ. ಬುಧವಾರವೇ ಫೋನ್ ಮಾಡಿ, ನೀವೇ ಹೋಗಿ ಕರೆತನ್ನಿ.

ಇನ್ನು ಶುಕ್ರವಾರ ನಸುಕಿನಲ್ಲಿ ಅಂಗಡಿಗಳು ಶುರುಮಾಡುವ ಕಡಿತದ ಮಾರಾಟದ ವಿಷಯ. ಈಗ ಹೆಚ್ಚಿನ ವಸ್ತು ಅದೇ ಬೆಲೆಗೆ ಮನೆಯಲ್ಲೇ ಕೂತು ತರಿಸಬಹುದು. ಚಳಿಯಲ್ಲಿ ಸಾಲು ನಿಲ್ಲುವುದು ತಮಾಷೆಗೆ ಎಂದರೆ ಸರಿ, ಉಳಿತಾಯಕ್ಕೆ ಎಂದರೆ ನಾನು ಒಪ್ಪುವುದಿಲ್ಲ.

• ಗುರುವಾರ ಅಡುಗೆ ಮಾಡಿದವರು ಮಲಗಲಿ. ಉಂಡು ಮಲಗಿದವರು ನಾಲ್ಕು ಗಂಟೆಗೆ ಎದ್ದು ಹೋಗಲಿ. ನಿದ್ದೆಗೆಟ್ಟವರ ಕೈಗೆ ಕಾರಿನ ಕೀ ಬೇಡ.

• ಏನು ಬೇಕು, ಎಷ್ಟಕ್ಕೆ ಎಂದು ಬರೆದುಕೊಂಡೇ ಹೊರಡಿ. ಟಿವಿಯಾದರೆ ಮಾಡೆಲ್ ನಂಬರ್ ಬರೆದುಕೊಳ್ಳಿ. ಹೆಸರಾಂತ ಕಂಪನಿಯದೇ ಆದರೂ ಈ ಮಾರಾಟಕ್ಕೆಂದೇ ತಯಾರಾದ, ಪೋರ್ಟು ಕಡಿಮೆಯಿರುವ ಮಾಡೆಲ್‌ಗಳು ಬರುತ್ತವೆ. ಜಾಹೀರಾತಿನ ಸಣ್ಣ ಅಕ್ಷರವನ್ನೂ ಓದಿ. ಅಂಗಡಿಗೆ ಕೆಲವೇ ಎಂದು ಬರೆದಿರುವುದು ಅಲ್ಲೇ.

• ಚೀಟಿಯ ಬೆಲೆಗೆ ತೆರಿಗೆ ಸೇರಿರುವುದಿಲ್ಲ. ಡೆಲಾವೇರ್, ಆರೆಗಾನ್, ನ್ಯೂ ಹ್ಯಾಂಪ್‌ಶೈರ್‌ಗಳಲ್ಲಿ ರಾಜ್ಯದ ಮಾರಾಟ ತೆರಿಗೆಯೇ ಇಲ್ಲ. ನ್ಯೂಜೆರ್ಸಿಯಲ್ಲಿ ಬಹುತೇಕ ಬಟ್ಟೆಗಿಲ್ಲ.

• ಬಾಗಿಲು ತೆರೆದಾಗ ಮುಂದಿನವರಾಗಬೇಡಿ. 2008ರಲ್ಲಿ ನ್ಯೂಯಾರ್ಕಿನ ಲಾಂಗ್ ಐಲ್ಯಾಂಡಿನಲ್ಲಿ ನುಗ್ಗಿದ ಜನರ ಕಾಲಡಿ ಸಿಕ್ಕಿ ಅಂಗಡಿಯ ಕೆಲಸಗಾರನೊಬ್ಬ ಸತ್ತ. ಪುಟ್ಟ ಮಕ್ಕಳನ್ನಂತೂ ಕರೆದೊಯ್ಯಲೇಬೇಡಿ.

• ಕೌಂಟರಿನಲ್ಲಿ "ನಮ್ಮ ಕಾರ್ಡ್ ತೆಗೆದುಕೊಂಡರೆ ಇನ್ನಷ್ಟು ಕಡಿತ" ಎನ್ನುತ್ತಾರೆ. ಬೇಡ ಅನ್ನಿ. ಅವುಗಳ ಬಡ್ಡಿ ಜೋರು. ರಸೀದಿ ಮಾತ್ರ ಜೋಪಾನ.

• ಊರಿಗೆ ಉಡುಗೊರೆ ಕೊಳ್ಳುವವರೇ, ಇಲ್ಲಿಯ ಕರೆಂಟು 120 ವೋಲ್ಟ್, ನಮ್ಮೂರಿನದು 230. ಫೋನು, ಲ್ಯಾಪ್‌ಟಾಪಿನ ಚಾರ್ಜರುಗಳು ಎರಡಕ್ಕೂ ಒಗ್ಗುತ್ತವೆ, ಪಿನ್ನಿಗೊಂದು ಅಡಾಪ್ಟರ್ ಸಾಕು. ಇಲ್ಲಿಯ ಮಿಕ್ಸಿಯನ್ನು ನೇರವಾಗಿ ಅಲ್ಲಿಯ ಪ್ಲಗ್ಗಿಗೆ ಸಿಕ್ಕಿಸಿದರೆ ಸುಟ್ಟು ಹೋಗುತ್ತದೆ. ಎಷ್ಟೇ ಅಗ್ಗವಾಗಿ ಸಿಕ್ಕರೂ ಒಯ್ಯಬೇಡಿ. ಅತ್ತೆಯವರಿಗೆ ದುಡ್ಡು ಕಳಿಸಿ, ಅಲ್ಲೇ ಕೊಂಡುಕೊಳ್ಳಲಿ.