ಬೆಕ್ಕಿಗಾಗಿ ಹಾಡುತ್ತಾ ಕಲಿತದ್ದು

ಸಂಗೀತ ಪಾಠ ಹೇಳುವುದು ನನ್ನ ಕಸುಬು. ಮೈಸೂರಿನ ನಮ್ಮ ಹೆಂಚಿನ ಮನೆಯಲ್ಲಿ ಬೆಳಗಿನ ಸಾಧನೆಗೆ ಶ್ರುತಿ ಪೆಟ್ಟಿಗೆ ಹಚ್ಚುವ ಹೊತ್ತಿಗೆ ಬೆಕ್ಕುಗಳೂ ಎದ್ದು ಮೈಮುರಿಯುತ್ತಿರುತ್ತವೆ. ಬೀದಿಯಿಂದ ಬಂದು ಉಳಿದವು ಕೆಲವು, ಮಳೆಯಲ್ಲಿ ನೆನೆದ ಮರಿಗಳಾಗಿ ಸಿಕ್ಕವು ಇನ್ನು ಕೆಲವು. ಅವುಗಳ ಸ್ನೇಹ ನನಗೆ ಒದಗಿದ್ದು ಹೆಚ್ಚಾಗಿ ಹಾಡಿನಿಂದಲೇ.

1. ದನಿ ತಗ್ಗಿಸಿ. ನಮ್ಮ ಕಿವಿಗೆ ಎಟುಕುವುದು ಹೆಚ್ಚೆಂದರೆ 20,000 ಹರ್ಟ್ಸ್‌. ಬೆಕ್ಕಿಗೆ ಸುಮಾರು 85,000 ಹರ್ಟ್ಸ್‌ವರೆಗೂ ಕೇಳುತ್ತದೆ. ಬಿಲದೊಳಗಿನ ಇಲಿಮರಿಯ ಕೀಚಲು ದನಿಯನ್ನು ಹಿಡಿಯುವ ಕಿವಿ ಅದು. ಅದರೆದುರು ತಾಳ ಬಡಿಯುವುದು, ಸ್ಪೀಕರನ್ನು ಪಕ್ಕದಲ್ಲಿಟ್ಟು ಜೋರು ಮಾಡುವುದು ಹಿಂಸೆ. ಪಕ್ಕದಲ್ಲಿ ಕೂತವರ ಜೊತೆ ಮಾತಾಡುವಷ್ಟು ದನಿ ಸಾಕು.

2. ನಮ್ಮ ಕಛೇರಿ ಅದಕ್ಕೆ ಬೇಕಿಲ್ಲ. ಅಮೆರಿಕದ ಚೆಲ್ಲೊ ವಾದಕ ಡೇವಿಡ್ ಟೈ ಅವರು ಬೆಕ್ಕಿನ ಕೂಗಿನ ಸ್ಥಾಯಿ, ಅದು ಗುರ್‌ಗುರ್ ಎನ್ನುವ ಲಯ, ಮರಿಗಳು ಹಾಲು ಚೀಪುವ ಲಯ ಇವನ್ನು ಆಧರಿಸಿ ಸಂಗೀತ ರಚಿಸಿದರು. ವಿಸ್ಕಾನ್ಸಿನ್ ವಿಶ್ವವಿದ್ಯಾಲಯದ ಮನೋವಿಜ್ಞಾನಿ ಚಾರ್ಲ್ಸ್ ಸ್ನೋಡನ್ ಮತ್ತು ಸಂಗಡಿಗರು ಅದನ್ನು 47 ಸಾಕುಬೆಕ್ಕುಗಳಿಗೆ ಕೇಳಿಸಿ, 2015ರಲ್ಲಿ ಫಲಿತಾಂಶ ಪ್ರಕಟಿಸಿದರು. ಬಾಖ್ ಮತ್ತು ಫೋರೆಯವರ ಕೃತಿಗಳಿಗೆ ಅಷ್ಟಾಗಿ ಓಗೊಡದ ಬೆಕ್ಕುಗಳು, ತಮಗಾಗಿ ರಚಿಸಿದ ಸಂಗೀತ ಬಂದಾಗ ಸ್ಪೀಕರಿನತ್ತ ತಿರುಗಿದವು, ಹತ್ತಿರ ಹೋಗಿ ಮೈ ಉಜ್ಜಿದವು. ಆ ರಚನೆಗಳಲ್ಲಿ ಒಂದು ಸ್ವರದಿಂದ ಇನ್ನೊಂದಕ್ಕೆ ಜಾರುವ ನಡೆ ಬಹಳ. ನಮ್ಮಲ್ಲಿ ಜಾರು ಇದ್ದೇ ಇದೆಯಲ್ಲ! ನೀಲಾಂಬರಿಯನ್ನು ವಿಳಂಬದಲ್ಲಿ, ಸಾಹಿತ್ಯವಿಲ್ಲದೆ, ಬಾಯಿ ಮುಚ್ಚಿ ಗುನುಗಿದರೆ ನಮ್ಮ ಮನೆಯ ಬೆಕ್ಕುಗಳು ಕದಲದೆ ಕೂರುತ್ತವೆ. ಬಿರುಸಿನ ಕಲ್ಪನಾಸ್ವರ ಶುರುವಾದರೆ ಎದ್ದು ಹೋಗುತ್ತವೆ.

3. ಹತ್ತಿರ ಬರುವುದು ಅದರ ಇಷ್ಟಕ್ಕೆ ಬಿಟ್ಟದ್ದು. ನನಗೆ ಎಲ್ಲಕ್ಕಿಂತ ಮುಖ್ಯವಾದ ಪಾಠ ಇದೇ. ಎತ್ತಿ ಮಡಿಲಲ್ಲಿಟ್ಟು ಹಾಡಬೇಡಿ. ನೆಲದ ಮೇಲೆ, ಅದಕ್ಕೆ ಓರೆಯಾಗಿ ಕೂತು ಹಾಡಿ. ಬಾಗಿಲು ತೆರೆದಿರಲಿ. ನಮ್ಮ ಬೂದುಬಣ್ಣದ ಮಿನ್ನಿ ಬಂದ ಹೊಸತರಲ್ಲಿ ಅಕ್ಕಿಡಬ್ಬದ ಹಿಂದಿನಿಂದ ಹೊರಗೇ ಬರುತ್ತಿರಲಿಲ್ಲ. ನಾನು ಷಡ್ಜ ಹಿಡಿದಾಗ ಮೊದಲು ಅವಳ ಒಂದು ಕಿವಿ ಮಾತ್ರ ಇತ್ತ ತಿರುಗುತ್ತಿತ್ತು. ಎಷ್ಟೋ ದಿನದ ಮೇಲೆ ಮೂತಿ ಕಂಡಿತು, ಆಮೇಲೆ ಮುಂಗಾಲು. ಒಂದು ಬೆಳಿಗ್ಗೆ ಅವಳು ಶ್ರುತಿ ಪೆಟ್ಟಿಗೆಗೆ ಕೆನ್ನೆ ಉಜ್ಜಿ, ನನ್ನ ಮುಖ ನೋಡಿ, ಕಣ್ಣನ್ನು ನಿಧಾನವಾಗಿ ಮುಚ್ಚಿ ತೆರೆದಳು. ಬೆಕ್ಕು ಹೀಗೆ ಕಣ್ಣು ಮಿಟುಕಿಸಿದರೆ ನೀವೂ ಅಷ್ಟೇ ನಿಧಾನವಾಗಿ ಮಿಟುಕಿಸಿ. ಅದು ಸ್ನೇಹದ ಗುರುತು. ಬಾಲ ಪಟಪಟ ಬಡಿಯುತ್ತಿದ್ದರೆ, ಕಿವಿ ಹಿಂದಕ್ಕೆ ಮಡಚಿದ್ದರೆ ಅಲ್ಲಿಗೇ ಹಾಡು ನಿಲ್ಲಿಸಿ.

4. ಹಾಡು ಒಂದೇ ಇರಲಿ, ಹೊತ್ತೂ ಒಂದೇ ಇರಲಿ. ಬೆಕ್ಕಿಗೆ ವಾಡಿಕೆಯೆಂದರೆ ಧೈರ್ಯ. ದಿನಾ ಹೊಸ ಹಾಡು ಬೇಕೆನಿಸುವುದು ನಮಗೆ.

5. ಹೆಸರನ್ನೇ ಹಾಡಿ ಕರೆಯಿರಿ. ಸಾಕಿದವರ ದನಿಯನ್ನು ಬೆಕ್ಕು ಅಪರಿಚಿತರ ದನಿಯಿಂದ ಬೇರ್ಪಡಿಸಬಲ್ಲದು, ತನ್ನ ಹೆಸರನ್ನೂ ಗುರುತಿಸುತ್ತದೆ ಎಂದು ಜಪಾನಿನ ಅತ್ಸುಕೊ ಸೈತೊ ಅವರ ಅಧ್ಯಯನಗಳು ತೋರಿಸಿವೆ. ನಾನು ‘ಮಿನ್ನೀ’ ಎಂದು ಗಾಂಧಾರದಿಂದ ಷಡ್ಜಕ್ಕೆ ಇಳಿದು ಕರೆದೇ ಅನ್ನ ಹಾಕುವುದು. ಹಿತ್ತಿಲ ಗೋಡೆಯ ಆಚೆಯಿಂದಲೂ ಓಡಿ ಬರುತ್ತಾಳೆ.

6. ಮರಿಗಳಿಗೆ ಬೇಗ ಶುರುಮಾಡಿ. ಹುಟ್ಟಿದಾಗ ಮರಿಯ ಕಿವಿ ಮುಚ್ಚಿರುತ್ತದೆ, ತಾಯಿಯ ಗುರ್‌ಗುರ್ ಕಂಪನ ಮೈಗೆ ತಾಕುತ್ತದೆ. ಮನುಷ್ಯರನ್ನು ಒಪ್ಪಿಕೊಳ್ಳಲು ಅದು ಕಲಿಯುವುದು ಮುಖ್ಯವಾಗಿ ಎರಡರಿಂದ ಏಳು ವಾರದೊಳಗೆ. ಆ ದಿನಗಳಲ್ಲಿ ಮೆಲ್ಲಗೆ ಗುನುಗಿದ್ದು ಮುಂದೆಯೂ ಕೈಹಿಡಿಯುತ್ತದೆ. ನೀಲಿ ಕಣ್ಣಿನ ಬಿಳಿ ಬೆಕ್ಕುಗಳಲ್ಲಿ ಬಹಳಷ್ಟು ಹುಟ್ಟಾ ಕಿವುಡು. ಅಂಥದ್ದು ತಾನಾಗಿ ಎದೆಗೆ ಒರಗಿದರೆ ಮಂದ್ರದಲ್ಲಿ ಗುನುಗಿ, ಕಂಪನ ಅದಕ್ಕೆ ತಲುಪುತ್ತದೆ.

7. ಗುರ್‌ಗುರ್ ಎಂದರೆ ಯಾವಾಗಲೂ ಖುಷಿಯಲ್ಲ. ನೋವಿನಲ್ಲೂ, ಭಯದಲ್ಲೂ ಬೆಕ್ಕು ಹಾಗೆನ್ನುತ್ತದೆ. ಊಟ ಬಿಟ್ಟು, ಮೂಲೆ ಸೇರಿ ಗುರ್‌ಗುರ್ ಎನ್ನುತ್ತಿದ್ದರೆ ಹಾಡುತ್ತಾ ಕೂರದೆ ಪಶುವೈದ್ಯರ ಬಳಿ ಕರೆದೊಯ್ಯಿರಿ. ದಾರಿಯಲ್ಲಿ ಬುಟ್ಟಿಯ ಮೇಲೆ ನಿಮ್ಮ ಹಳೆ ಸೀರೆ ಹೊದಿಸಿ, ಮನೆಯ ಅದೇ ಹಾಡನ್ನು ಗುನುಗಿ.

8. ದೀಪಾವಳಿಗೆ ಮೊದಲೇ ಅಣಿಯಾಗಿ. ಪಟಾಕಿ ಸಿಡಿದ ಮೇಲೆ ಹೊಸದಾಗಿ ಹಾಡು ತೆಗೆದರೆ ಉಪಯೋಗವಿಲ್ಲ, ಗಾಬರಿಗೂ ಆ ಹಾಡಿಗೂ ನಂಟು ಬೆಳೆದೀತು. ನೆಮ್ಮದಿಯ ದಿನಗಳಲ್ಲೇ ಹಾಡು ರೂಢಿಯಾಗಿರಬೇಕು. ಹಬ್ಬದ ಸಂಜೆ ಒಳಕೋಣೆಯ ಕಿಟಕಿ ಮುಚ್ಚಿ, ಬಚ್ಚಿಟ್ಟುಕೊಳ್ಳಲು ಒಂದು ರಟ್ಟಿನ ಡಬ್ಬಿ ಇಟ್ಟು, ಪಕ್ಕದಲ್ಲಿ ಕೂತು ಹಾಡಿ. ಹಾಡಲು ಬಾರದು ಎಂದು ಹಿಂಜರಿಯಬೇಡಿ. ನಿಮ್ಮ ಬೆಕ್ಕಿಗೆ ಬೇಕಾದ್ದು ನಿಮ್ಮ ದನಿ. ಇವತ್ತು ರಾತ್ರಿ ಅನ್ನ ಹಾಕುವಾಗಲೇ ಶುರುಮಾಡಿ.